ಸಹಾಯ ಬೇಕು: ಸೆಕ್ ಇನ್ವರ್ಸ್‌ಗೆ (ಸೆಕ್ ಬೆಲೆ ಎಕ್ಸ್ ಆಗಿರೋ ಕೋನ ಕೊಡೋ ಫಂಕ್ಷನ್) ಯಾವ ರೇಂಜ್ (ಉತ್ತರದ ಕೋನ ಇರಬೇಕಾದ ಮಿತಿ) ಹಿಡಿದು ಪಾಠ ಮಾಡೋದು?

ಪುಸ್ತಕಗಳಲ್ಲಿ ಎರಡು ರೇಂಜ್ ಸಿಗ್ತವೆ. ಒಂದು, 0ಯಿಂದ ಪೈವರೆಗೆ, ಪೈ/2 ಬಿಟ್ಟು. ಇನ್ನೊಂದರಲ್ಲಿ ಎಕ್ಸ್ ಋಣವಾದಾಗ ಮೂರನೇ ಕ್ವಾಡ್ರಂಟ್. ಹಾಗಾಗಿ −2ರ ಸೆಕ್ ಇನ್ವರ್ಸ್ ಒಂದು ಕಡೆ 2ಪೈ/3, ಇನ್ನೊಂದು ಕಡೆ 4ಪೈ/3.

ಮೊದಲನೇದರಲ್ಲಿ 1/ಎಕ್ಸ್‌ನ ಕಾಸ್ ಇನ್ವರ್ಸ್ ತಗೊಂಡ್ರೆ ಸಾಕು, ಕ್ಯಾಲ್ಕುಲೇಟರ್‌ನಲ್ಲೂ ತಾಳೆ ನೋಡಬಹುದು. ಆದ್ರೆ ಎರಡನೇ ಕ್ವಾಡ್ರಂಟ್‌ನಲ್ಲಿ ಟ್ಯಾನ್ ಋಣ, ಅದಕ್ಕೇ ಡಿರೈವೇಟಿವ್‌ನ ಛೇದದಲ್ಲಿ ಎಕ್ಸ್‌ಗೆ ಮಾಡ್ಯುಲಸ್ (ಚಿಹ್ನೆ ಬಿಟ್ಟ ಬೆಲೆ) ಬೇಕೇ ಬೇಕು. ಮಕ್ಕಳು ಅದನ್ನೇ ನುಂಗಿಬಿಡ್ತಾರೆ. 1/(ಎಕ್ಸ್ × ರೂಟ್(ಎಕ್ಸ್² − 1)) ಅನ್ನೋದನ್ನ −2ರಿಂದ −ರೂಟ್ 2ವರೆಗೆ ಇಂಟಿಗ್ರೇಟ್ ಮಾಡಿಸಿ ನೋಡಿ: ಫಂಕ್ಷನ್ ಪೂರ್ತಿ ಋಣ, ಆದ್ರೂ 3ಪೈ/4 − 2ಪೈ/3 ಅಂತ ಹಾಕಿ +ಪೈ/12 ಬರೀತಾರೆ. ಸರಿ ಉತ್ತರ −ಪೈ/12.

ಗ್ರಾಫ್‌ನ ಎರಡೂ ತುಂಡು ಏರ್ತವೆ, ಸ್ಲೋಪ್ ಎಲ್ಲೂ ಋಣ ಆಗಲ್ಲ ಅಂತ ತೋರಿಸಿದ್ದಾಯ್ತು. ಉತ್ತರದಲ್ಲಿ ಮಾಡ್ಯುಲಸ್ ಎಕ್ಸ್‌ನ ಸೆಕ್ ಇನ್ವರ್ಸ್ ಅಂತಲೇ ಬರೆಸಿದ್ದೂ ಆಯ್ತು. ಲೆಕ್ಕ ಸರಿಹೋಗುತ್ತೆ, ಕಾರಣ ತಲೆಗೆ ಹತ್ತಲ್ಲ. ಎರಡನೇ ರೇಂಜ್‌ನಲ್ಲಿ ಮಾಡ್ಯುಲಸ್ ಗೋಳಿಲ್ಲ, ಆದ್ರೆ ಕಾಸ್ ಇನ್ವರ್ಸ್ ಜೊತೆಗಿನ ಸಂಬಂಧ ಋಣ ಎಕ್ಸ್‌ಗೆ ಕೆಟ್ಟುಹೋಗುತ್ತೆ (ಇದು ದುಬಾರಿ ವ್ಯಾಪಾರ ಅಂತ ನನ್ನ ಅಭಿಪ್ರಾಯ).

ಮೊದಲನೇ ರೇಂಜನ್ನೇ ಇಟ್ಕೊಂಡು, ಎಕ್ಸ್ = ಸೆಕ್ ಥೀಟಾ ಹಾಕಿ ರೂಟ್ ತೆಗೆಯುವಾಗ ಚಿಹ್ನೆ ತಪ್ಪದ ಹಾಗೆ ಹೇಗೆ ಹೇಳಿಕೊಡ್ತೀರಿ? ಇಲ್ಲಾ, ಋಣ ಎಕ್ಸ್ ಇದ್ದಾಗ ಮೊದಲೇ ಎಕ್ಸ್ = −ಟಿ ಹಾಕಿಸೋದೇ ವಾಸಿನಾ?