ಎಂಜಿಬಿ ಮುಂದಿನ ಬ್ರೇಕ್ ಬಿಡ್ತಿಲ್ಲ

ನಾನಿರೋದು ಲೆಸ್ಟರ್‌ನಲ್ಲಿ, ಕಾರು 1972ರ ಎಂಜಿಬಿ, ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಪೆಡಲ್ ಬಿಟ್ಟರೂ ಎಡ ಮುಂಚಕ್ರ ಹಿಡಿದೇ ಇರತ್ತೆ. ಹತ್ತು ನಿಮಿಷ ಓಡಿಸಿದರೆ ರಿಮ್ ಮುಟ್ಟಕ್ಕಾಗಲ್ಲ. ಹೊಸ ಡಿಸ್ಕ್, ಪ್ಯಾಡ್ ತಂದಿದ್ದೀನಿ. ಸೀಲ್ ಹಾಕಕ್ಕೆ ಕ್ಯಾಲಿಪರನ್ನ (ಪಿಸ್ಟನ್‌ನಿಂದ ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ಎರಡು ಹೋಳು ಮಾಡಬೇಕಾ? ಅಪ್ಪ ಮೈಸೂರಿಂದ ಬರೋದ್ರೊಳಗೆ ಸರಿ ಮಾಡಿ, ಅವರನ್ನ ಕೂರಿಸಿಕೊಂಡು ಹೋಗೋ ಆಸೆ.

— ಹೋಳು ಮಾಡಬೇಡಿ, ಪಿಸ್ಟನ್ ಹಾಗೇ ಹೊರಗೆ ಬರತ್ತೆ. ಚಕ್ರ ಹಿಡಿದಿರುವಾಗಲೇ ಬ್ಲೀಡ್ ನಿಪ್ಪಲ್ (ಬ್ರೇಕ್ ಫ್ಲೂಯಿಡ್ ಹೊರಬಿಡೋ ಸಣ್ಣ ತಿರುಪು) ಸಡಿಲಿಸಿ. ತಕ್ಷಣ ಬ್ರೇಕ್ ಬಿಟ್ಟರೆ ಮೊದಲ ಅನುಮಾನ ರಬ್ಬರ್ ಹೋಸ್ ಮೇಲೆ: ಒಳಗೆ ಊದಿಕೊಂಡು ಫ್ಲೂಯಿಡ್ ವಾಪಸ್ ಬಿಡಲ್ಲ.

— ಡಿಸ್ಕ್‌ಗೆ ಹಬ್ (ಚಕ್ರ ಕೂರೋ ನಡುಭಾಗ) ಬಿಚ್ಚಲೇಬೇಕು. ಬೇರಿಂಗ್ ನಡುವಿನ ತೆಳು ಶಿಮ್ (ಅಂತರ ಸರಿಹೊಂದಿಸೋ ಬಿಲ್ಲೆ) ಕಳೀಬೇಡಿ. ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಇಡಿ.

— ನಿಪ್ಪಲ್ ತಿರುಗಿಸಿದ್ದೇ ತಡ, ಚಕ್ರ ಸಲೀಸಾಗಿ ಸುತ್ತಿತು! ಎರಡೂ ಕಡೆ ಹೋಸ್ ಬದಲಿಸ್ತೀನಿ.