ಮಗಳಿಗೆ ಡ್ರೆಸಾಜ್ ಕಲಿಸಬಹುದೇ? ಕುದುರೆ ಬಲ್ಲವರ ಅನುಭವ ಬೇಕಾಗಿದೆ

ಪ್ರಶ್ನೆ: ಕುವೆಂಪುನಗರದ ಒಬ್ಬ ತಾಯಿ, ಮೈಸೂರು

ನನ್ನ ಮಗಳು ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಭಾನುವಾರಗಳಂದು ಊರಾಚೆಯ ಸವಾರಿ ಶಾಲೆಯೊಂದಕ್ಕೆ ಹೋಗಿಬರುತ್ತಾಳೆ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅನುಷ್ ಅಗರ್ವಾಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ ಅವರ ತಂಡ ಡ್ರೆಸಾಜ್‌ನಲ್ಲಿ (ಸವಾರನ ಸೂಚನೆಯಂತೆ ಕುದುರೆ ಗೊತ್ತುಪಡಿಸಿದ ನಡೆಗಳನ್ನು ಮಾಡಿತೋರಿಸುವ ಸ್ಪರ್ಧೆ) ಚಿನ್ನ ಗೆದ್ದದ್ದನ್ನು ಕಂಡಂದಿನಿಂದ ಅವಳಿಗೆ ಅದೇ ಗುಂಗು. ಅವಳ ತಂದೆಗೆ ಮಾತ್ರ ಸುತರಾಂ ಒಪ್ಪಿಗೆಯಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್ ಆರಂಭವಾಗುವ ಹೊತ್ತಿಗೆ, ಬ್ರಿಟನ್ನಿನ ಶಾರ್ಲೆಟ್ ಡುಜಾರ್ಡಿನ್ ಅವರು ತರಬೇತಿಯ ವೇಳೆ ಕುದುರೆಯೊಂದರ ಕಾಲುಗಳಿಗೆ ಉದ್ದನೆಯ ಚಾವಟಿಯಿಂದ ಮತ್ತೆ ಮತ್ತೆ ಹೊಡೆಯುತ್ತಿರುವ ವಿಡಿಯೊ ಹೊರಬಂದು, ಅವರು ಕೂಟದಿಂದ ಹಿಂದೆ ಸರಿದದ್ದನ್ನೂ, ಆಮೇಲೆ ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟವಾದ ಎಫ್‌ಇಐ ಅವರಿಗೆ ಒಂದು ವರ್ಷದ ನಿಷೇಧವನ್ನೂ 10,000 ಸ್ವಿಸ್ ಫ್ರಾಂಕ್ ದಂಡವನ್ನೂ ವಿಧಿಸಿದ್ದನ್ನೂ ನಮ್ಮ ಮನೆಯವರು ಇನ್ನೂ ಮರೆತಿಲ್ಲ. ಆರು ಒಲಿಂಪಿಕ್ ಪದಕ ಗೆದ್ದವರೇ ಹೀಗೆ ಮಾಡುವುದಾದರೆ ಉಳಿದವರು ಕದ್ದುಮುಚ್ಚಿ ಏನೇನು ಮಾಡುತ್ತಾರೋ ಎಂಬುದು ಅವರ ವಾದ.

ಜೂನ್‌ನಿಂದ ಡ್ರೆಸಾಜ್ ತರಗತಿ ಆರಂಭಿಸುತ್ತೇವೆಂದು ಶಾಲೆಯವರು ಹೇಳಿದ್ದಾರೆ. ಈ ವಿದ್ಯೆಯೇ ಕುದುರೆಗೆ ಹಿಂಸೆಯೇ, ಅಥವಾ ಹಿಂಸೆ ಕಲಿಸುವವರ ಕೈಯಲ್ಲಿದೆಯೇ? ಕುದುರೆಯ ಗಂಧಗಾಳಿಯೂ ಇಲ್ಲದ ನಮ್ಮಂಥವರು ಲಾಯಕ್ಕೆ ಹೋದಾಗ ಏನನ್ನು ನೋಡಿ ತೀರ್ಮಾನಿಸಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಅಶ್ವಾರೋಹಿ ಪೊಲೀಸ್, ಮೈಸೂರು

ತಾಯಿ, ದಸರೆಗೆ ಮುಂಚೆ ಆನೆ, ಕುದುರೆಗಳಿಗೆ ಕುಶಾಲತೋಪಿನ ಸದ್ದು ರೂಢಿ ಮಾಡಿಸುವ ತಾಲೀಮನ್ನು ನೀವು ಪತ್ರಿಕೆಗಳಲ್ಲಿ ನೋಡಿಯೇ ಇರುತ್ತೀರಿ. ಕುದುರೆಯೆಂದರೆ ಹುಟ್ಟಾ ಪುಕ್ಕಲು ಪ್ರಾಣಿ. ಗಾಳಿಗೆ ಹಾರುವ ಒಂದು ಪ್ಲಾಸ್ಟಿಕ್ ಚೀಲ ಸಾಕು, ಅದು ಮೈಲಿ ದೂರ ಓಡಲು. ಅಂಥದ್ದು ಫಿರಂಗಿ ಸಿಡಿಯುವಾಗ, ಇಕ್ಕೆಲದಲ್ಲೂ ಲಕ್ಷಾಂತರ ಜನ ಕೂಗುವಾಗ ಜಂಬೂಸವಾರಿಯಲ್ಲಿ ಹೆಜ್ಜೆ ತಪ್ಪದೆ ನಡೆಯುತ್ತದೆಯೆಂದರೆ, ಅದನ್ನು ಹೊಡೆದು ಮಾಡಿಸಲು ಸಾಧ್ಯವೇ ಇಲ್ಲ. ಹೊಡೆದರೆ ಅದು ಸದ್ದಿಗೆ ಹೆದರುವುದರ ಜೊತೆಗೆ ಸವಾರನಿಗೂ ಹೆದರುತ್ತದೆ. ಮೊದಲು ದೂರದಲ್ಲಿ ನಿಲ್ಲಿಸಿ, ಅದು ಕಿವಿ ಸಡಿಲಬಿಟ್ಟು ಬಾಯಿ ಚಪ್ಪರಿಸುವವರೆಗೆ ಕಾದು, ಆಮೇಲೆ ಹತ್ತಿರ ತರಬೇಕು. ಅವಸರಪಟ್ಟವನಿಗೆ ಮಾರನೆಯ ದಿನ ಮತ್ತೆ ಮೊದಲಿನಿಂದ ಶುರು.

ಡ್ರೆಸಾಜ್ ಕೂಡ ಮೂಲದಲ್ಲಿ ಯೂರೋಪಿನ ಅಶ್ವದಳಗಳ ಶಿಸ್ತಿನಿಂದಲೇ ಬೆಳೆದದ್ದು. ಸವಾರನ ಕೈ, ಕಾಲು, ಆಸನದ ಭಾರ ಹೇಳಿದ್ದನ್ನು ಕುದುರೆ ಗ್ರಹಿಸಿ ನಡೆಯುವಂತೆ ಮಾಡುವುದೇ ಅದರ ಸಾರ. ಇದು ನಡೆಯುವ ಬಗೆಯನ್ನು ಹೇಳುತ್ತೇನೆ. ಸವಾರ ಕಾಲಿನಿಂದ ಪಕ್ಕೆಯನ್ನು ಮೆಲ್ಲಗೆ ಒತ್ತುತ್ತಾನೆ. ಕುದುರೆ ಒಂದು ಹೆಜ್ಜೆ ಅತ್ತ ಸರಿಯುತ್ತದೆ. ಸರಿದ ಆ ಕ್ಷಣವೇ ಕಾಲು ಸಡಿಲವಾಗಬೇಕು. ಕುದುರೆ ಪಾಠ ಕಲಿಯುವುದು ಒತ್ತಿದ್ದರಿಂದಲ್ಲ, ಸಡಿಲಬಿಟ್ಟದ್ದರಿಂದ. ಹೇಳಿದ್ದನ್ನು ಮಾಡಿದ ಮೇಲೂ ಲಗಾಮು ಬಿಗಿಯಾಗಿಯೇ ಇದ್ದರೆ, ಏನು ಮಾಡಿದರೂ ನೋವು ತಪ್ಪದು ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಅಂಥ ಕುದುರೆಗಳು ಎರಡು ದಾರಿ ಹಿಡಿಯುತ್ತವೆ: ಕೆಲವು ಎಗರಿ ಸವಾರನನ್ನು ಕೆಡಹುತ್ತವೆ, ಹೆಚ್ಚಿನವು ಮಂಕಾಗಿ ಹೇಳಿದಂತೆ ಕಾಲೆಳೆದುಕೊಂಡು ತಿರುಗುತ್ತವೆ. ಎರಡನೆಯದನ್ನೇ ಜನ ಸಾಧು ಕುದುರೆಯೆಂದು ಹೊಗಳುವುದನ್ನು ಬಹಳ ಕಂಡಿದ್ದೇನೆ. ಆದ್ದರಿಂದ ತರಗತಿ ನಡೆಯುವಾಗ ಕುದುರೆಯನ್ನಲ್ಲ, ಕಲಿಸುವವರ ಬಾಯನ್ನು ಗಮನಿಸಿ. ‘ಇನ್ನೂ ಎಳಿ, ಇನ್ನೂ ಒತ್ತು’ ಎನ್ನುತ್ತಾರೋ, ‘ಈಗ ಬಿಡು’ ಎನ್ನುತ್ತಾರೋ? ಎರಡನೆಯದನ್ನು ಹೆಚ್ಚಾಗಿ ಹೇಳುವವರ ಬಳಿಗೆ ಮಗಳನ್ನು ಧೈರ್ಯವಾಗಿ ಕಳುಹಿಸಿ.

ಉತ್ತರ: ಸ್ಪರ್ಧೆಗಳಲ್ಲಿ ಭಾಗವಹಿಸುವ ಯುವ ಸವಾರ, ವಿಜಯನಗರ, ಮೈಸೂರು

ಮೇಡಂ, ಹಿರಿಯರು ಹೇಳಿದ್ದು ಅಕ್ಷರಶಃ ನಿಜ. ಆದರೆ ಸ್ಪರ್ಧೆಯ ಲೋಕವನ್ನೂ ತಾವು ತಿಳಿದಿರಬೇಕು, ಏಕೆಂದರೆ ತಮ್ಮ ಯಜಮಾನರ ಆತಂಕ ಆಧಾರವಿಲ್ಲದ್ದಲ್ಲ.

ಇಪ್ಪತ್ತು ಮೀಟರ್ ಅಗಲ, ಅರವತ್ತು ಮೀಟರ್ ಉದ್ದದ ಅಂಗಳ. ಸುತ್ತಲೂ ಅಕ್ಷರಗಳ ಫಲಕ. ಯಾವ ಅಕ್ಷರದ ಬಳಿ ಯಾವ ನಡೆ ಎಂಬುದು ಮೊದಲೇ ಗೊತ್ತುಪಡಿಸಿದ್ದು. ಪ್ರತಿಯೊಂದು ನಡೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕ. ತಮ್ಮ ಮಗಳು ಮೊದಲ ಕೆಲವು ವರ್ಷ ಮಾಡುವುದು ನೇರ ಗೆರೆಯಲ್ಲಿ ನಡೆಸುವುದು, ದುಂಡಗೆ ತಿರುಗಿಸುವುದು, ಅಲುಗದೆ ನಿಲ್ಲಿಸುವುದು, ಟ್ರಾಟ್ ಎಂಬ ಸಾಧಾರಣ ಓಟ ಮತ್ತು ಕ್ಯಾಂಟರ್ ಎಂಬ ಅದಕ್ಕಿಂತ ಚುರುಕಿನ ಓಟ, ಇಷ್ಟೇ. ಸರಿಯಾಗಿ ಕಲಿಸಿದರೆ ಇದು ಕುದುರೆಯ ಬೆನ್ನಿಗೂ ಒಳ್ಳೆಯ ಕಸರತ್ತು, ಏಕೆಂದರೆ ಮನುಷ್ಯನನ್ನು ಹೊರಲೆಂದು ಅದರ ಬೆನ್ನು ರೂಪುಗೊಂಡಿಲ್ಲ. ಹಿಂಗಾಲುಗಳನ್ನು ಮೈಯಡಿ ತಂದು ಭಾರ ಹೊರುವುದನ್ನು ಅದು ಕಲಿಯಲೇಬೇಕು. ಬೆಂಗಳೂರಿನ ಫೌವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ, ಮೂರು ಹಂತಗಳ ಈವೆಂಟಿಂಗ್‌ನಲ್ಲಿಯೂ ಮೊದಲ ಹಂತ ಡ್ರೆಸಾಜೇ.

ತೊಡಕು ಇರುವುದು ಮೇಲಿನ ಹಂತದಲ್ಲಿ. ನಿಂತಲ್ಲೇ ಟ್ರಾಟ್ ಮಾಡುವ ಪಿಯಾಫೆ, ಹಿಂಗಾಲಿನ ಮೇಲೆ ಸುತ್ತುವ ಪಿರುವೆಟ್ ಮೊದಲಾದವಕ್ಕೆ ಬೇಕಾದ ಮಾಂಸಖಂಡ ಬೆಳೆಯಲು ವರ್ಷಗಳೇ ಹಿಡಿಯುತ್ತವೆ. ಎಂಟು ವರ್ಷ ತುಂಬದ ಕುದುರೆಗೆ ಗ್ರ್ಯಾನ್ ಪ್ರೀ ಎಂಬ ಅತ್ಯುನ್ನತ ಹಂತದಲ್ಲಿ ಎಫ್‌ಇಐ ಪ್ರವೇಶವನ್ನೇ ಕೊಡುವುದಿಲ್ಲ. ಅಷ್ಟು ಕಾಯುವ ತಾಳ್ಮೆ ಮಾಲೀಕರಿಗೂ ಪ್ರಾಯೋಜಕರಿಗೂ ಇಲ್ಲದಾಗ ಅಡ್ಡದಾರಿಗಳು ಹುಟ್ಟುತ್ತವೆ. ಅವುಗಳಲ್ಲೊಂದು, ಗದ್ದ ಎದೆಗೆ ತಾಗುವಷ್ಟು ಕತ್ತನ್ನು ಬಗ್ಗಿಸಿ ಓಡಿಸುವುದು. ಹಾಗೆ ಬಗ್ಗಿದ ಕುದುರೆಗೆ ಮುಂದಿನ ದಾರಿ ಸರಿಯಾಗಿ ಕಾಣುವುದಿಲ್ಲ, ಉಸಿರಾಟವೂ ಸಲೀಸಲ್ಲ. 2009ರಲ್ಲಿ ಹೀಗೆ ಓಡಿಸುತ್ತಿದ್ದ ಕುದುರೆಯೊಂದರ ನಾಲಿಗೆ ನೀಲಿಗಟ್ಟಿ ಹೊರಚಾಚಿದ್ದ ವಿಡಿಯೊ ದೊಡ್ಡ ಗದ್ದಲಕ್ಕೆ ಕಾರಣವಾಯಿತು. 2010ರಲ್ಲಿ ಎಫ್‌ಇಐ, ಬಲವಂತದಿಂದ ಕತ್ತು ಬಗ್ಗಿಸುವುದು ಸಲ್ಲದು ಎಂದು ಘೋಷಿಸಿತು. ನಿಯಮಗಳಲ್ಲಿ ಹಣೆಯಿಂದ ಮೂಗಿನವರೆಗಿನ ಗೆರೆ ಲಂಬಕ್ಕಿಂತ ತುಸು ಮುಂದಿರಬೇಕೆಂದೇ ಬರೆದಿದೆ. ಆದರೂ ಅದಕ್ಕಿಂತ ಹಿಂದಕ್ಕೆ ಬಗ್ಗಿಸಿದ ಕುದುರೆಗಳಿಗೆ ಒಳ್ಳೆಯ ಅಂಕ ಬೀಳುವುದನ್ನು ಈಗಲೂ ನೋಡಬಹುದು, ನನ್ನ ಸಿಟ್ಟೆಲ್ಲ ತೀರ್ಪುಗಾರರ ಮೇಲೆಯೇ. ಅಂಕ ಸಿಗುವವರೆಗೆ ಆ ಅಭ್ಯಾಸ ನಿಲ್ಲುವುದಿಲ್ಲ.

ತಾವು ಮಾಡಬಹುದಾದದ್ದು ಸುಲಭ. ಕುದುರೆ ಅಂಗಳದಲ್ಲಿ ಹಾದುಹೋಗುವಾಗ ಪಕ್ಕದಿಂದ ನೋಡಿ. ಹಣೆಯಿಂದ ಮೂಗಿನವರೆಗಿನ ಗೆರೆ ನೆಲಕ್ಕೆ ಲಂಬವಾಗಿ ಅಥವಾ ಕೊಂಚ ಮುಂದಕ್ಕಿದ್ದರೆ ಸರಿ. ಹೊತ್ತುಗಟ್ಟಲೆ ಒಳಮಡಿಚಿಕೊಂಡೇ ಇದ್ದರೆ ಆ ಶಾಲೆ ಬೇಡ.

ಉತ್ತರ: ಪಶುವೈದ್ಯ, ಮಂಡ್ಯ

ನನ್ನ ದಿನನಿತ್ಯದ ಕೆಲಸ ಹಳ್ಳಿಕಾರ್ ಎತ್ತುಗಳು ಮತ್ತು ಮಿಶ್ರತಳಿ ಹಸುಗಳದ್ದು. ಕುದುರೆಗಳು ಆಗೊಮ್ಮೆ ಈಗೊಮ್ಮೆ ಬರುತ್ತವೆ. ಹಾಗೆ ಬರುವ ಸವಾರಿ ಕುದುರೆಗಳಲ್ಲಿ ಹಲವು, ರೇಸ್‌ನಿಂದ ಹೊರಬಿದ್ದ ಥರೊಬ್ರೆಡ್‌ಗಳು. ಎರಡನೆಯ ವಯಸ್ಸಿಗೇ ಓಡಲು ಹಚ್ಚಿದ, ಬೆನ್ನುಮೂಳೆ ಪೂರ್ತಿ ಬಲಿಯುವ ಮೊದಲೇ ದುಡಿದ ಪ್ರಾಣಿಗಳವು. ಅವುಗಳಿಗೆ ಡ್ರೆಸಾಜ್ ಕಲಿಸುವ ಮೊದಲು ಕಾಲು, ಬೆನ್ನುಗಳನ್ನು ವೈದ್ಯರು ಪರೀಕ್ಷಿಸಿದ್ದಾರೆಯೇ ಎಂದು ಕೇಳಿ. ನೋವಿರುವ ಕುದುರೆಯನ್ನು ಹಟಮಾರಿಯೆಂದು ಕರೆದು ಚಾವಟಿ ಎತ್ತುವುದೇ ನಾನು ಕಂಡ ಅತಿ ಸಾಮಾನ್ಯ ಹಿಂಸೆ. ಅದರಲ್ಲಿ ದುಷ್ಟತನಕ್ಕಿಂತ ಅಜ್ಞಾನವೇ ಹೆಚ್ಚು.

ಬಾಯಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕುದುರೆಯ ಮುಂದಿನ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ತೆರವಿದೆ. ಕಡಿವಾಣ ಕೂರುವುದು ಅಲ್ಲಿ. ಅಲ್ಲಿ ಎಲುಬಿನ ಮೇಲೆ ತೆಳ್ಳನೆಯ ಪೊರೆಯಷ್ಟೇ ಇರುವುದು. ಸವಾರನ ಕೈ ಅಲುಗಿದಾಗಲೆಲ್ಲ ಲೋಹ ಅದರ ಮೇಲೆ ಉಜ್ಜುತ್ತದೆ. ಮೇಲಿನ ಹಂತದ ಡ್ರೆಸಾಜ್‌ನಲ್ಲಿ ಬಾಯಿಗೆ ಎರಡು ಕಡಿವಾಣ ಹಾಕುತ್ತಾರೆ. ಒಂದಕ್ಕೆ ಸನ್ನೆಗೋಲಿನಂತೆ ಎಳೆಯುವ ಉದ್ದನೆಯ ತೋಳು ಮತ್ತು ಗದ್ದದಡಿ ಸರಪಳಿ ಇರುತ್ತದೆ. ಪಳಗಿದ ಕೈಯಲ್ಲಿ ಅದು ಬೆರಳ ಸೂಚನೆಗೆ ಸಾಕಾಗುತ್ತದೆ, ಪಳಗದ ಕೈಯಲ್ಲಿ ದವಡೆಯನ್ನೇ ಹಿಂಡುತ್ತದೆ. ನಿಮ್ಮ ಮಗಳ ವಯಸ್ಸಿಗೂ ಹಂತಕ್ಕೂ ಸಾದಾ ಕಡಿವಾಣ ಒಂದೇ ಸಾಕು. ಬೇರೆಯದನ್ನು ಕೊಟ್ಟರೆ ಕಾರಣ ಕೇಳಿ. ಮುಳ್ಳಿನ ಕಡಿವಾಣವಂತೂ ಎಳೆಯುವ ಮತ್ತು ಹೊರುವ ಪ್ರಾಣಿಗಳ ಕುರಿತ 1965ರ ಕೇಂದ್ರ ನಿಯಮಗಳ ಪ್ರಕಾರವೇ ನಿಷಿದ್ಧ.

ಬಾಯಿ ತೆರೆದು ನೋವನ್ನು ತೋರಿಸುವ ಕುದುರೆಗೆ ಅಂಕ ಕಡಿಮೆಯಾಗುತ್ತದೆ. ಅದಕ್ಕಾಗಿ ಕೆಲವರು ಮೂಗುಪಟ್ಟಿಯನ್ನು ಬಿಗಿದು ಬಾಯಿಯನ್ನೇ ಮುಚ್ಚಿಸುತ್ತಾರೆ. ಮೂಗಿನ ಎಲುಬಿನ ಮೇಲೆ ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕೆಂಬುದು ಹಳೆಯ ವಾಡಿಕೆ. ಇದು ಎಷ್ಟು ಮೀರಿಹೋಗಿತ್ತೆಂದರೆ, 2025ರಿಂದ ಎಫ್‌ಇಐ ಸ್ಪರ್ಧೆಗಳಲ್ಲಿ ಅಳೆಯಲು ಒಂದು ಸಾಧನವನ್ನೇ ಬಳಕೆಗೆ ತಂದಿದೆ.

ಇನ್ನು ಸವಾರಿಯ ಕಾಲದಲ್ಲಿ ಗಮನಿಸಬೇಕಾದದ್ದು. ಬ್ರಿಟನ್ನಿನ ಪಶುವೈದ್ಯೆ ಸೂ ಡೈಸನ್ ಮತ್ತು ಸಹೋದ್ಯೋಗಿಗಳು, ಸವಾರನಿರುವ ಕುದುರೆ ನೋವಿನಲ್ಲಿದ್ದಾಗ ತೋರುವ 24 ವರ್ತನೆಗಳನ್ನು ಗುರುತಿಸಿದ್ದಾರೆ: ಕಿವಿಯನ್ನು ಹಿಂದಕ್ಕೆ ಒತ್ತಿ ಹಿಡಿಯುವುದು, ಕಣ್ಣಿನ ಬಿಳಿ ಕಾಣುವುದು, ಬಾಲವನ್ನು ಪದೇ ಪದೇ ಬೀಸುವುದು, ಬಾಯಿ ತೆರೆಯುವುದು, ಮುಗ್ಗರಿಸುವುದು ಮೊದಲಾದವು. ಎಂಟು ಅಥವಾ ಹೆಚ್ಚು ಕಂಡರೆ ಮೂಳೆ, ಮಾಂಸಖಂಡಗಳ ನೋವಿರುವ ಸಂಭವ ಹೆಚ್ಚು. ಒಂದೊಂದಕ್ಕೇ ಗಾಬರಿಯಾಗಬೇಡಿ, ನೊಣ ಕೂತರೂ ಬಾಲ ಬೀಸುತ್ತದೆ.

ಉತ್ತರ: ಸವಾರಿ ಬಿಟ್ಟವರು, ಸರಸ್ವತೀಪುರಂ, ಮೈಸೂರು

ಮೇಲಿನವರೆಲ್ಲ ಒಳ್ಳೆಯ ಸವಾರ, ಕೆಟ್ಟ ಸವಾರ ಎಂದು ವಿಂಗಡಿಸುತ್ತಿದ್ದಾರೆ. ನನ್ನ ತಕರಾರು ಬೇರೆ. ಎಷ್ಟೇ ಮೃದುವಾಗಿ ಕಲಿಸಿದರೂ, ಒಲ್ಲೆನೆನ್ನುವ ಹಕ್ಕು ಕುದುರೆಗೆ ಇಲ್ಲ. ಜಂಬೂಸವಾರಿಯಲ್ಲಿ ಅದು ಹೆಜ್ಜೆ ತಪ್ಪದೆ ನಡೆಯುವುದು ಅದರ ತಾಳ್ಮೆಯನ್ನು ತೋರಿಸುತ್ತದೆಯೇ ಹೊರತು ಒಪ್ಪಿಗೆಯನ್ನಲ್ಲ. ಜೊತೆಗೆ, ಕುದುರೆಗೆ ವಯಸ್ಸಾಗಿ ಸ್ಪರ್ಧೆಗೆ ಬೇಡವಾದ ಮೇಲೆ ಎಲ್ಲಿಗೆ ಹೋಗುತ್ತದೆಂಬುದನ್ನು ಯಾವ ಶಾಲೆಯೂ ತಾನಾಗಿ ಹೇಳುವುದಿಲ್ಲ. ಹೆಣ್ಣುಮಗಳ ಆಸೆಗೆ ಅಡ್ಡ ಬರಬೇಕೆಂದು ಇದನ್ನು ಬರೆಯುತ್ತಿಲ್ಲ. ಲಾಯದಲ್ಲಿ ಮೈ ಉಜ್ಜುವುದು, ಮೇವು ಹಾಕುವುದು, ಜೊತೆಯಲ್ಲಿ ನಡೆಯುವುದು ಕೂಡ ಕುದುರೆಯ ಒಡನಾಟವೇ. ನಾನು ಈಗ ಅಷ್ಟನ್ನೇ ಮಾಡುತ್ತೇನೆ, ನನಗೆ ಯಾವ ಕೊರತೆಯೂ ಕಂಡಿಲ್ಲ.

ಉತ್ತರ: ಟಾಂಗಾ ಮನೆತನದವರು, ಶ್ರೀರಂಗಪಟ್ಟಣ

ಅಮ್ಮಾ, ಒಂದು ಮಾತು. ಶಾಲೆಯ ಮಾಲೀಕರನ್ನಾಗಲಿ ಕೋಚನ್ನಾಗಲಿ ಕೇಳುವ ಮೊದಲು ಲಾಯದ ಸೈಸ್‌ನನ್ನು, ಅಂದರೆ ಕುದುರೆ ನೋಡಿಕೊಳ್ಳುವ ಆಳನ್ನು, ಮಾತನಾಡಿಸಿ. ಯಾವ ಕುದುರೆ ಹುರುಳಿ ಮುಟ್ಟಲಿಲ್ಲ, ಯಾವುದು ಜೀನು ಕಂಡೊಡನೆ ಹಿಂದೆ ಸರಿಯುತ್ತದೆ, ಯಾವುದು ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದೆ ಎಂಬುದೆಲ್ಲ ಗೊತ್ತಿರುವುದು ಅವನಿಗೆ. ಸಂಜೆ ಜೀನು ಇಳಿಸಿದ ಮೇಲೆ ಬೆನ್ನನ್ನು ಅಂಗೈಯಿಂದ ಸವರಿ ನೋಡುವ ಸೈಸ್ ಇರುವ ಲಾಯ ಒಳ್ಳೆಯದು.

ಪ್ರಶ್ನೆ ಕೇಳಿದ ತಾಯಿ:

ಎಲ್ಲರಿಗೂ ಕೃತಜ್ಞತೆಗಳು. ಮೊನ್ನೆ ಮುಂಚಿತವಾಗಿ ತಿಳಿಸದೆ ಸಂಜೆ ನಾವಿಬ್ಬರೂ ಶಾಲೆಗೆ ಹೋಗಿದ್ದೆವು. ಮಗಳು ಏರುವ ಹೆಣ್ಣುಕುದುರೆಯ ಮೂಗುಪಟ್ಟಿಯೊಳಗೆ ನನ್ನ ಒಂದು ಬೆರಳು ಕೂಡ ಕಷ್ಟದಿಂದ ಹೋಯಿತು. ಕೋಚ್‌ಗೆ ತೋರಿಸಿದಾಗ ಅವರು ವಾದಿಸದೆ ಅಲ್ಲಿಯೇ ಎರಡು ತೂತು ಸಡಿಲಿಸಿದರು. ಅದು ಕೂಡಲೇ ದವಡೆ ಆಡಿಸಿ, ತಲೆಯನ್ನು ಒಮ್ಮೆ ಜೋರಾಗಿ ಕೊಡವಿತು. ನಮ್ಮ ಯಜಮಾನರು ಅದನ್ನು ನೋಡಿ ಸ್ವಲ್ಪ ಮೆತ್ತಗಾದರು. ತರಗತಿಯಲ್ಲಿ ‘ಬಿಡು’ ಎಂಬ ಮಾತು ಸಾಕಷ್ಟು ಸಲ ಕೇಳಿತು. ಸೈಸ್ ಹೇಳಿದ್ದು ಮಾತ್ರ ಚಿಂತೆಗೀಡುಮಾಡಿದೆ: ಜಾಗವಿಲ್ಲದ ಕಾರಣ ಕುದುರೆಗಳನ್ನು ದಿನಕ್ಕೆ ಒಂದು ಗಂಟೆಯಷ್ಟೇ ಹೊರಗೆ ಬಿಡುತ್ತಾರಂತೆ, ಉಳಿದ ಹೊತ್ತೆಲ್ಲ ಲಾಯದಲ್ಲೇ. ಡಾಕ್ಟರೇ, ಇದು ಎಷ್ಟರಮಟ್ಟಿಗೆ ಗಂಭೀರವಾದದ್ದು?

ಉತ್ತರ: ಪಶುವೈದ್ಯ, ಮಂಡ್ಯ

ಗಂಭೀರವಾದದ್ದೇ. ಮೂಗುಪಟ್ಟಿಗಿಂತ ಇದನ್ನೇ ನಾನು ಮುಖ್ಯವೆಂದು ಭಾವಿಸುತ್ತೇನೆ. ಬಯಲಿನಲ್ಲಿ ಬಿಟ್ಟ ಕುದುರೆ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಮೇಯುತ್ತಲೇ, ನಡೆಯುತ್ತಲೇ ಇರುತ್ತದೆ. ಅದರ ಜಠರ ಚಿಕ್ಕದು, ಆಮ್ಲ ಮಾತ್ರ ಬಿಡುವಿಲ್ಲದೆ ಒಸರುತ್ತಿರುತ್ತದೆ. ಒಣಹುಲ್ಲಿಲ್ಲದೆ ಹೊತ್ತುಗಟ್ಟಲೆ ನಿಂತರೆ ಹುಣ್ಣಾಗುತ್ತದೆ. ಎರಡು ಹೊತ್ತು ಹುರುಳಿ, ಬೂಸಾ ಹಾಕಿ ಕೈತೊಳೆದುಕೊಂಡರೆ ಹೊಟ್ಟೆ ಶೂಲೆಯ ಅಪಾಯವೂ ಉಂಟು. ಗುಂಪಿನ ಪ್ರಾಣಿಯಾದ್ದರಿಂದ ಗೋಡೆಗಳ ನಡುವೆ ಒಂಟಿಯಾಗಿ ನಿಂತದ್ದು ಬಾಗಿಲ ಅಂಚನ್ನು ಕಚ್ಚಿ ಗಾಳಿ ನುಂಗುವುದು, ನಿಂತಲ್ಲೇ ಎಡಕ್ಕೂ ಬಲಕ್ಕೂ ಓಲಾಡುವುದು, ಇಂಥ ಚಾಳಿಗಳಿಗೆ ಬೀಳುತ್ತದೆ. ಅಂಗಳದಲ್ಲಿ ಮುಕ್ಕಾಲು ಗಂಟೆ ಎಷ್ಟೇ ಮೃದುವಾಗಿ ನಡೆಸಿಕೊಂಡರೂ ಇದನ್ನು ಸರಿದೂಗಿಸಲಾಗದು.

ಶಾಲೆಯವರು ಮಾತು ಕೇಳುವವರೆಂದು ತೋರುತ್ತದೆ, ಆದ್ದರಿಂದ ಈಗಲೇ ಬಿಡಿಸಬೇಡಿ. ಹುಲ್ಲನ್ನು ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ಇಡೀ ದಿನ ಸಿಗುವಂತೆ ತೂಗುಹಾಕಲು, ಲಾಯಗಳ ನಡುವಿನ ಗೋಡೆಯಲ್ಲಿ ಕುದುರೆಗಳು ಮೂಗು ತಾಗಿಸುವಷ್ಟು ಕಂಡಿ ತೆಗೆಸಲು, ಪಾಠವಿಲ್ಲದ ಹೊತ್ತಿನಲ್ಲಿ ಅಭ್ಯಾಸದ ಅಂಗಳದಲ್ಲೇ ಎರಡೆರಡು ಕುದುರೆಗಳನ್ನು ಬಿಡಲು ಕೇಳಿ. ಇವುಗಳಲ್ಲಿ ಯಾವುದಕ್ಕೂ ಹೊಸ ಜಮೀನು ಬೇಡ. ಜೂನ್ ಒಳಗೆ ಮಾಡಿದರೆ ಮಗಳನ್ನು ಡ್ರೆಸಾಜ್‌ಗೆ ಸೇರಿಸಿ. ಮಾಡದಿದ್ದರೆ ಭಾನುವಾರದ ಸವಾರಿಯನ್ನೂ ಬೇರೆ ಕಡೆಗೆ ಬದಲಾಯಿಸಿ.