ಮಗಳ ಮುಟ್ಟು ತಿಂಗಳು ತಿಂಗಳು ಬರುತ್ತಿಲ್ಲ, ಕಂಡವರು ಹೇಳಿ

ಮಗಳಿಗೆ 13 ವರ್ಷ. ದೊಡ್ಡವಳಾಗಿ ಎಂಟು ತಿಂಗಳಾಯಿತು. ಒಮ್ಮೆ 24 ದಿನಕ್ಕೇ ಮುಟ್ಟಾದಳು, ಈಗ 43 ದಿನವಾದರೂ ಸುದ್ದಿಯಿಲ್ಲ. ಅತ್ತೆಯವರು ದಿನಾ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ತಿನ್ನಿಸುತ್ತಿದ್ದಾರೆ. ಡಾಕ್ಟರ ಬಳಿ ಹೋಗಬೇಕೇ, ಕಾಯಬೇಕೇ?

ಇಬ್ಬರು ಹೆಣ್ಣುಮಕ್ಕಳ ತಾಯಿ: ನನ್ನ ದೊಡ್ಡವಳದೂ ಹೀಗೇ ಇತ್ತು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಕೆಂಪು ಚುಕ್ಕೆ ಇಡುತ್ತಿದ್ದೆ. ಮೊದಲ ವರ್ಷ ಚುಕ್ಕೆಗಳ ನಡುವಿನ ಅಂತರ ಒಂದು ಸಲವೂ ಒಂದೇ ಆಗಲಿಲ್ಲ. ಆ ಕ್ಯಾಲೆಂಡರನ್ನೇ ಸುರುಳಿ ಸುತ್ತಿಕೊಂಡು ಡಾಕ್ಟರ ಬಳಿ ಹೋದೆ. ಈ ವಯಸ್ಸಿಗೆ 21ರಿಂದ 45 ದಿನ ಸಹಜ ಎಂದರು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಹಾರ್ಮೋನು ಕಳಿಸಿ ಅಂಡಾಶಯವನ್ನು ಎಬ್ಬಿಸುತ್ತದೆ. ಅಂಡಾಶಯ ಈಸ್ಟ್ರೋಜನ್ ಎಂಬ ತನ್ನ ಹಾರ್ಮೋನು ಸುರಿಸುತ್ತದೆ. ಅದು ಸಾಕಷ್ಟು ಏರಿದಾಗ ಪಿಟ್ಯುಟರಿಯಿಂದ ಎಲ್‌ಎಚ್ ಎಂಬ ಹಾರ್ಮೋನು ಒಮ್ಮೆಲೇ ಉಕ್ಕಿ ಅಂಡ ಹೊರಬೀಳುತ್ತದೆ. ಪಿಟ್ಯುಟರಿ, ಅಂಡಾಶಯ ಇವೆರಡರ ಹೊಂದಾಣಿಕೆ ಕುದುರಲು ಎರಡು ಮೂರು ವರ್ಷ ಹಿಡಿಯುತ್ತದಂತೆ. ಅಲ್ಲಿಯವರೆಗೆ ಎಷ್ಟೋ ಸಲ ಅಂಡ ಹೊರಬೀಳುವುದೇ ಇಲ್ಲ. ಅಂಡ ಬಿಟ್ಟ ಕೋಶಕವೇ, ಅಂದರೆ ಅಂಡ ಬೆಳೆದ ಪುಟ್ಟ ಚೀಲವೇ, ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಮಾಡಬೇಕು, ಅದು ಇಳಿದಾಗಲೇ ಗರ್ಭಕೋಶದ ಒಳಪದರ ಅಚ್ಚುಕಟ್ಟಾಗಿ ಕಳಚಬೇಕು. ಪ್ರೊಜೆಸ್ಟರಾನ್ ಇಲ್ಲದಿದ್ದರೆ ಪದರ ಬೆಳೆಯುತ್ತಲೇ ಹೋಗಿ, ಕೊನೆಗೆ ಹೊತ್ತು ಗೊತ್ತಿಲ್ಲದೆ ಕುಸಿಯುತ್ತದೆ. ತಡವಾಗಿ ಬಂದದ್ದು ಕೆಲವೊಮ್ಮೆ ಹೆಚ್ಚು ಹೋಗುವುದು ಅದಕ್ಕೇ.

ಅಂದ ಹಾಗೆ, ಚುಕ್ಕೆ ಅಡುಗೆಮನೆ ಗೋಡೆಯ ಮೇಲೆ ಬೇಡ. "ಹಾಲಿನವರಿಗೂ ತೋರಿಸುತ್ತೀಯಾ?" ಎಂದು ಮಗಳು ಎರಡು ದಿನ ಮಾತು ಬಿಟ್ಟಿದ್ದಳು.

ಇನ್ನೊಬ್ಬರು: ಸಹಜ ಎಂದು ನಂಬಿ ಕೆಟ್ಟವಳು ನಾನು. ಮಗಳಿಗೆ ಹತ್ತು ದಿನ ರಕ್ತ ನಿಲ್ಲಲೇ ಇಲ್ಲ, ಆದರೂ ಸುಮ್ಮನಿದ್ದೆ. ಶಾಲೆಯ ಮೆಟ್ಟಿಲಿನಲ್ಲಿ ತಲೆಸುತ್ತಿ ಕುಳಿತಳು, ಹಿಮೋಗ್ಲೋಬಿನ್ 7.8ಕ್ಕೆ ಇಳಿದಿತ್ತು. ಏಳು ದಿನ ದಾಟಿದರೆ, ಒಂದೆರಡು ಗಂಟೆಗೇ ಪ್ಯಾಡ್ ತೊಯ್ದರೆ, 90 ದಿನ ಕಳೆದರೂ ಬಾರದಿದ್ದರೆ ಕಾಯಬೇಡಿ. ರಕ್ತ ಹೆಪ್ಪುಗಟ್ಟುವುದರಲ್ಲೇ ತೊಂದರೆ ಇದೆಯೇ, ಥೈರಾಯ್ಡ್ ಸರಿಯಿದೆಯೇ ಎಂದೂ ನಮಗೆ ಪರೀಕ್ಷೆ ಮಾಡಿಸಿದರು.

ಹಾಸ್ಟೆಲಿನಲ್ಲಿರುವವಳು: ಅಕ್ಕ, ಪರೀಕ್ಷೆಯ ತಿಂಗಳು ನನಗೂ ಮುಂದಕ್ಕೆ ಹೋಗುತ್ತದೆ. ಒತ್ತಡದಲ್ಲಿ ತಡವಾಗುವುದು ಅಂಡ ಹೊರಬೀಳುವುದು. ಅದಾದ ಮೇಲೆ ಸುಮಾರು 14 ದಿನಕ್ಕೆ ಮುಟ್ಟು ಬಂದೇ ಬರುತ್ತದೆ. ಚಿಗಳಿಯಿಂದ ಹಾರ್ಮೋನು ಅಲುಗಾಡುವುದಿಲ್ಲ, ಆದರೆ ನಿಲ್ಲಿಸಲು ಹೇಳಬೇಡಿ. ಇಲ್ಲಿ ಅದನ್ನು ಕುಟ್ಟಿಕೊಡುವವರೇ ಇಲ್ಲ.

ಕೇಳಿದವಳು: ನಿನ್ನೆ ಆಯಿತು, 45ನೇ ದಿನ. ಕೆಂಪು ಪೆನ್ನು ಮಗಳೇ ಎತ್ತಿಟ್ಟುಕೊಂಡಿದ್ದಾಳೆ. ಎರಡನೇ ದಿನವಾದ್ದರಿಂದ ಪ್ಯಾಡ್ ಎಣಿಸುತ್ತಿದ್ದೇನೆ.